ತಡವಾಗಿ ಎದ್ದವನ ಯಜಮಾನಿಕೆ

ಎಲ್ಲರಿಗಿಂತ ತಡವಾಗಿ ಎದ್ದು, ಸೂರ್ಯ ಹುಟ್ಟಿದ್ದೇ ತಮ್ಮ ಅಪ್ಪಣೆಯಿಂದ ಎನ್ನುವಂತೆ ಓಡಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮದುವೆ ಮನೆಯಲ್ಲಿ ಇಂಥವರು ಒಬ್ಬರಾದರೂ ಇರುತ್ತಾರೆ. ಅಡುಗೆಯೆಲ್ಲ ಮುಗಿದ ಮೇಲೆ ಬಂದು, ಸಾರಿಗೆ ಇನ್ನೊಂದು ಹಿಡಿ ಉಪ್ಪು ಸುರಿದು, ‘ಈಗ ನೋಡ್ರಿ ರುಚಿ’ ಎಂದು ಮೀಸೆ ತಿರುವುತ್ತಾರೆ. ಮನುಷ್ಯರಾದರೆ ಹೇಗೋ ಸಹಿಸಬಹುದು. ಹೋದ ಬೇಸಿಗೆಯಲ್ಲಿ ನನ್ನ ಮೇಲೆ ಈ ಯಜಮಾನಿಕೆ ಮಾಡಿದ್ದು ಒಂದು ಯಃಕಶ್ಚಿತ್ ಪ್ರೋಗ್ರಾಂ.

ಬೈಲಹೊಂಗಲದಲ್ಲಿ ನನ್ನದೊಂದು ಎಲೆಕ್ಟ್ರಾನಿಕ್ ರಿಪೇರಿ ಅಂಗಡಿ ಇದೆ. ಒಂದು ದಿನ ರಾಮದುರ್ಗದ ಶಾಂತವ್ವ ತಮ್ಮ ಪವರ್‌ಲೂಮಿನ ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬಂದರು. ಸೀರೆಯ ಡಿಸೈನಿಗೆ ಯಾವ ಎಳೆ ಎತ್ತಬೇಕು, ಯಾವುದನ್ನು ಇಳಿಸಬೇಕು ಎಂದು ಮಗ್ಗಕ್ಕೆ ಹೇಳುವ ಪೆಟ್ಟಿಗೆ ಅದು.

“ಅಣ್ಣಾರ, ಲೈಟ್ ಹತ್ತತೈತಿ, ಮುಂದ ಹೋಗವಲ್ದು. ರವಿವಾರ ಮಗಳ ಕುಬಸ ಐತಿ. ಹಸರ ಸೀರಿ ಅರ್ಧಾ ಆಗಿ ಮಗ್ಗದ ಮ್ಯಾಲ ನಿಂತೈತಿ.”

ಸೀಮಂತಕ್ಕೆ ಅಂಗಡಿಯಿಂದ ಒಂದು ಸೀರೆ ತರಬಹುದಲ್ಲ ಎಂದೆ. “ನೇಕಾರರ ಮಗಳಿಗೆ ಬಸರಾಗ ಅಂಗಡಿ ಸೀರಿ ಉಡಿಸಿದ್ರ ಬೀಗರು ಏನಂದಾರ್ರಿ?” ಎಂದರು. ನಾನು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ.

ಕೆಟ್ಟಿದ್ದು ಮೆಮರಿ ಕಾರ್ಡ್ ಮಾತ್ರ. ಆದರೆ ಈಗ ಪೇಟೆಯಲ್ಲಿ ಸಿಗುವ ಕಾರ್ಡುಗಳನ್ನು ಪೆಟ್ಟಿಗೆಯ ಬೂಟ್‌ಲೋಡರ್ ಗುರುತಿಸುವುದಿಲ್ಲ. ಬೂಟ್‌ಲೋಡರ್ ಎಂದರೆ ಕರೆಂಟ್ ಬಂದ ಕೂಡಲೇ ಮೊದಲು ಎದ್ದು, ಮೆಮರಿಯನ್ನು ಅಣಿಗೊಳಿಸಿ, ದೊಡ್ಡ ಪ್ರೋಗ್ರಾಮನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಂ. ಕಂಪನಿಗೆ ಫೋನ್ ಮಾಡಿದರೆ, ‘ಆ ಮಾಡೆಲ್ ಬಂದ್ ಆಗಿದೆ, ಹೊಸ ಪೆಟ್ಟಿಗೆ ತೆಗೆದುಕೊಳ್ಳಿ’ ಎಂದರು. ಹಲ್ಲು ನೋಯುತ್ತದೆ ಎಂದವನಿಗೆ ತಲೆ ಬದಲಿಸಿಕೋ ಎಂದ ಹಾಗಾಯಿತು. ಆ ಸಿಟ್ಟಿನಲ್ಲೇ ಕೆಲಸಕ್ಕೆ ಕೂತೆ.

ಹಳೆಯ ಬೂಟ್‌ಲೋಡರನ್ನು ಅಳಿಸಿ ಹೊಸದನ್ನು ಹಾಕಲು ಹೋಗಿ ಎಡವಿದರೆ ಪೆಟ್ಟಿಗೆ ಮತ್ತೆಂದೂ ಏಳದ ಕಲ್ಲಾಗುತ್ತದೆ. ಆದ್ದರಿಂದ ಹಿರಿಯನನ್ನು ಅವನ ಜಾಗದಲ್ಲೇ ಬಿಟ್ಟೆ. ಪೆಟ್ಟಿಗೆಯ ಒಳಗಿನ ಚಿಪ್ಪಿನಲ್ಲಿ ಅವನು ದೊಡ್ಡ ಪ್ರೋಗ್ರಾಂ ಇದೆ ಎಂದು ನಂಬಿದ ಕಡೆ, ಇಂಟರ್ನೆಟ್ಟಿನಲ್ಲಿ ಸಿಕ್ಕ ಹೊಸ ಬೂಟ್‌ಲೋಡರನ್ನು ಕೂರಿಸಿದೆ. ಹಿರಿಯ ಎದ್ದು ಕಿರಿಯನನ್ನು ಎಬ್ಬಿಸಬೇಕು, ಕಿರಿಯ ಹೊಸ ಕಾರ್ಡ್ ಓದಿ ಉಳಿದವರನ್ನು ಎಬ್ಬಿಸಬೇಕು. ಲೈಟ್ ಎರಡು ಸಲ ಮಿಣುಕಿ, ಪೆಟ್ಟಿಗೆ ಸುಮ್ಮನಾಯಿತು. ಎಷ್ಟು ಸಲ ಮಾಡಿದರೂ ಅಷ್ಟೇ.

ಕೊನೆಗೆ ಕಾರಣ ಸಿಕ್ಕಾಗ ನನಗೆ ತಡೆಯಲಾರದ ಕೋಪ ಬಂತು. ಈ ಕಿರಿಯ ಮಹಾಶಯನಿಗೆ ತಾನೇ ಮೊದಲು ಎದ್ದವನೆಂಬ ಭ್ರಮೆ. ಹಿರಿಯ ಅಣಿಗೊಳಿಸಿಟ್ಟ ಮೆಮರಿಯಲ್ಲೇ ಕೂತು, ಅದೇ ಮೆಮರಿಯನ್ನು ಮತ್ತೆ ಮೊದಲಿನಿಂದ ಅಣಿಗೊಳಿಸಲು ಹೊರಡುತ್ತಿದ್ದ. ಕೂತ ಚಾಪೆಯನ್ನೇ ಎಳೆದು ಝಾಡಿಸಿದರೆ ಬೀಳದೆ ಇನ್ನೇನು? ಅವನನ್ನೂ, ಅವನನ್ನು ಬರೆದವರನ್ನೂ ಬಾಯಿಗೆ ಬಂದ ಹಾಗೆ ಬೈದೆ. ‘ನಿನಗಿಂತ ಮೊದಲು ಎದ್ದವರು ಮಾಡಿಟ್ಟಿದ್ದರೆ ಮುಟ್ಟಬೇಡ’ ಎಂಬರ್ಥದ ಒಂದು ಸಾಲು ಸೇರಿಸಿದೆ. ಪೆಟ್ಟಿಗೆ ಎದ್ದಿತು. ಶನಿವಾರ ಮಧ್ಯಾಹ್ನ ಶಾಂತವ್ವ ಫೋನ್ ಮಾಡಿ, “ಸೀರಿ ಮಗ್ಗದಿಂದ ಇಳೀತ್ರಿ ಅಣ್ಣಾರ” ಎಂದರು.

ಅಂದು ಊಟಕ್ಕೆ ಕೂತಾಗ ಹೆಂಡತಿ ಸುಮಾಳಿಗೆ ಈ ಕಥೆಯನ್ನೆಲ್ಲ ಆವೇಶದಿಂದ ಹೇಳಿದೆ. “ಸೊಕ್ಕು ನೋಡು ಅದರದು” ಎಂದೆ. ಅವಳು ರೊಟ್ಟಿ ಬಡಿಸುತ್ತ, “ಹೌದ್ರಿ, ಅಂಥಾವು ಇರತಾವು” ಎಂದಳು.

ಮರುದಿನ ನಳದ ನೀರು ಬರುವ ದಿನ. ನಾನು ಏಳೂವರೆಗೆ ಎದ್ದು, ಈ ಮನೆಯಲ್ಲಿ ಯಾರಿಗೂ ನೀರಿನ ಚಿಂತೆಯೇ ಇಲ್ಲ ಎಂದು ಗೊಣಗಿ, ಮೋಟರ್ ಹಚ್ಚಿ, ಪೇಪರ್ ಹಿಡಿದು ಕೂತೆ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಮಾಳಿಗೆಯಿಂದ ಗೌರಕ್ಕನ ದನಿ ಕೇಳಿತು. “ಯಾರ್ರಿ ಅದು ನೀರ ಬಿಟ್ಟೋರು? ಒಣಾಕ ಹಾಕಿದ್ದ ಸಂಡಿಗಿ ಎಲ್ಲಾ ಅಂಬಲಿ ಆತಲ್ರಿ.”

ಸುಮಾ ಓಡಿ ಬಂದು ಮೋಟರ್ ಬಂದ್ ಮಾಡಿದಳು. ಐದು ಗಂಟೆಗೇ ಎದ್ದು ಅವಳು ಮಾಳಿಗೆಯ ಮೇಲಿನ ನೀರಿನ ಟಾಕಿ ತುಂಬಿಸಿಟ್ಟಿದ್ದಳಂತೆ; ನಾನು ಏರಿಸಿದ ನೀರೆಲ್ಲ ಉಕ್ಕಿ ಗೌರಕ್ಕನ ಮಾಳಿಗೆಗೆ ಹರಿದಿತ್ತು. ದಿನವೂ ನನಗಿಂತ ಮೊದಲು ಏಳುವವಳು ಅವಳೇ.

“ಆ ಪೆಟ್ಟಿಗ್ಯಾಗ ಏನೋ ಒಂದು ಸಾಲು ಬರದೇನಿ ಅಂದ್ರೆಲ್ಲಾ,” ಎಂದಳು, “ಅದನ್ನ ಒಂದು ಚೀಟಿ ಮ್ಯಾಲ ಬರದು ಈ ಸ್ವಿಚ್ಚಿಗೂ ಅಂಟಸ್ರಿ.”

ಅಂಟಿಸಿದ್ದೇನೆ. ಪೆಟ್ಟಿಗೆ ಇಂದಿಗೂ ಆ ಸಾಲನ್ನು ಪಾಲಿಸುತ್ತದೆ. ನಾನು ಮಾತ್ರ ಚೀಟಿ ಓದಲು ಕನ್ನಡಕ ಹಾಕಿಕೊಳ್ಳುವ ಮೊದಲೇ ಮೋಟರ್ ಹಚ್ಚಿರುತ್ತೇನೆ.