ಸೊನ್ನೆಯಾದ ಐದು

ಲೆಕ್ಕ ತಪ್ಪಿದರೆ ಅಳಿಸಬಹುದು, ಮಾತು ತಪ್ಪಿದರೆ ಕ್ಷಮೆ ಕೇಳಬಹುದು. ಲೆಕ್ಕದ ತಪ್ಪನ್ನು ಮಾತಿನಿಂದ ಮುಚ್ಚಿದವನು ಏನು ಮಾಡಬೇಕೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ನಾನು ಅಂಥವನು. ಚಿತ್ತಾಪುರದ ಶಾಲೆಯಲ್ಲಿ ಗಣಿತದ ಮಾಸ್ತರನೆಂದು ಎದೆ ಸೆಟೆಸಿ ತಿರುಗುತ್ತೇನೆ. ಹೆಂಡತಿಯ ತವರಾದ ಶಹಾಬಾದದಲ್ಲಿ ಮಾತ್ರ ಆ ಸುದ್ದಿ ಎತ್ತುವುದಿಲ್ಲ.

ನಮ್ಮದು ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಕಲಿತ ವಿದ್ಯೆ. ಪೊಲೀಸ್ ಆಕ್ಷನ್ ಆಗಿ ನಿಜಾಮರ ಆಳ್ವಿಕೆ ಮುಗಿದ ಮೇಲೆ, ಕನ್ನಡದಲ್ಲಿ ಕಲಿಸಿರಿ ಎಂದು ಹುಕುಂ ಬಂತು. ನಾಲಿಗೆ ಬೇಗ ತಿರುಗಿತು, ಕೈ ತಿರುಗಲಿಲ್ಲ. ಉರ್ದುವಿನ ಐದನ್ನು ಅವಸರದಲ್ಲಿ ಬರೆದರೆ ಥೇಟ್ ನಮ್ಮ ಸೊನ್ನೆ. ಉರ್ದುವಿನ ಸೊನ್ನೆಯೋ ಬರೀ ಒಂದು ಚುಕ್ಕಿ. ಉಳಿದ ಅಂಕಿಗಳೆಲ್ಲ ಕನ್ನಡವಾದವು, ಇವೆರಡು ಮಾತ್ರ ಹಟ ಹಿಡಿದವು. ಹದಿನೈದನೇ ತಾರೀಖಿಗೆ ಬರುತ್ತೇನೆಂದು ಒಮ್ಮೆ ಮಾವನವರಿಗೆ ಕಾಗದ ಬರೆದೆ. ಅವರು ಹತ್ತರಿಂದಲೇ ದಿನಾ ಬಂಡಿ ಕಟ್ಟಿಕೊಂಡು ಸ್ಟೇಷನ್ನಿಗೆ ಬಂದು ಕಾದರಂತೆ. ಆರನೆಯ ದಿನ ರೈಲಿನಿಂದ ಇಳಿದ ನನ್ನನ್ನು ನೋಡಿ, "ಲೆಕ್ಕದ ಮಾಸ್ತರ್ ಅಂತ ಹೇಳಿ ಹೆಣ್ಣ ಕೊಟ್ಟೇವಲ್ರಿ ಅಳಿಯಂದ್ರ," ಎಂದಷ್ಟೇ ಅಂದರು.

ಇಷ್ಟಾದರೂ ಬುದ್ಧಿ ಬರಲಿಲ್ಲ. ನನಗೆ ಲೆಕ್ಕ ಕಲಿಸಿದ ಗಫೂರ ಮಾಸ್ತರರು ಚಿತ್ತಾಪುರದ ನಮ್ಮ ಶಾಲೆಯಲ್ಲೇ ಇನ್ನೂ ಇದ್ದರು. ತಲೆ ನೆರೆತ ಮೇಲೆ ನನ್ನಿಂದಲೇ ಕನ್ನಡ ತಿದ್ದಿಸಿಕೊಳ್ಳುತ್ತಿದ್ದರು. ಅವರಿಗೊಂದು ಮುದ್ದಿನ ಸಂಖ್ಯೆ ಇತ್ತು: ೨೩,೨೭,೯೨,೫೬೦. ಒಂದರಿಂದ ಇಪ್ಪತ್ತರವರೆಗೆ ಯಾವುದರಿಂದ ಭಾಗಿಸಿದರೂ ಶೇಷ ಉಳಿಯದು. ಹದಿನೇಳು, ಹತ್ತೊಂಬತ್ತರಂಥ ಮೊಂಡರೂ ಅದರ ಮುಂದೆ ತೆಪ್ಪಗಾಗುತ್ತವೆ. ಹೀಗೆ ಆ ಇಪ್ಪತ್ತೂ ಅಂಕಿಗಳಿಂದ ಭಾಗವಾಗುವ ಸಂಖ್ಯೆಗಳಲ್ಲಿ ಇದಕ್ಕಿಂತ ಚಿಕ್ಕದು ಇನ್ನೊಂದಿಲ್ಲ. "ಅವಿಭಾಜ್ಯ ಸಂಖ್ಯಾಕ್ಕ ಭಾಳ ಸೊಕ್ಕು ಬೇಟಾ, ಯಾರಿಗೂ ಪಾಲು ಕೊಡಂಗಿಲ್ಲ. ಇದು ನೋಡು, ಬಂದವರಿಗೆಲ್ಲಾ ಸಮ ಬಡಸ್ತದ," ಎನ್ನುತ್ತಿದ್ದರು.

ನನ್ನ ನೌಕರಿ ಆಗಿನ್ನೂ ಕಾಯಂ ಆಗಿರಲಿಲ್ಲ. ಅದನ್ನು ತೀರ್ಮಾನಿಸಲು ಇನ್ಸ್‌ಪೆಕ್ಟರ್ ಸಾಹೇಬರು ಬಂದ ದಿನ ಆ ಸಂಖ್ಯೆಯನ್ನು ನಡುವೆ ಅಲ್ಪವಿರಾಮವನ್ನೂ ಹಾಕದೆ ಒಂದೇ ಉಸಿರಿಗೆ ಬೋರ್ಡಿನ ಮೇಲೆ ಬರೆದು, ಅದರ ಗುಣಗಾನ ಮಾಡಿ ಮೀಸೆ ತೀಡಿದೆ. ಸಾಹೇಬರು ಕನ್ನಡಕ ಏರಿಸಿದರು. "ಎರಡು ಕೋಟಿ ಮೂವತ್ತೆರಡು ಲಕ್ಷ ಎಪ್ಪತ್ತೊಂಬತ್ತು ಸಾವಿರದ ಇನ್ನೂರಾ ಆರು. ಕಡೀಕ ಆರು ಅದ, ಐದ್ರಿಂದ ಹ್ಯಾಂಗ ಭಾಗ ಹೋಗ್ತದ್ರಿ ಮಾಸ್ತರ್? ಅಂಕಿ ಕೂಡಿಸಿದ್ರ ಮೂವತ್ತೊಂದು, ಮೂರರಿಂದನೂ ಹೋಗಂಗಿಲ್ಲ. ಯಾರು ಕಲಿಸ್ಯಾರ್ರಿ ನಿಮಗ?"

ಹುಡುಗರು ಕಿಸಕ್ಕೆಂದರು. ಬಾಗಿಲಲ್ಲಿ ನಿಂತಿದ್ದ ಗಫೂರ ಮಾಸ್ತರರ ಕಡೆ ಕೈ ತೋರಿಸಿ, "ಇವರೇ ರೀ," ಎಂದುಬಿಟ್ಟೆ. ನಿಜ ಹೇಳುತ್ತೇನೆ, ಚಾಚಿದ ಕೈ ಕೆಳಗಿಳಿಯುವ ಮೊದಲೇ ಬೋರ್ಡಿನ ಮೇಲೆ ಸೊನ್ನೆಯಾಗಿ ಕೂತಿದ್ದ ಐದೂ ತುದಿಯಲ್ಲಿ ಬರೀ ಚುಕ್ಕಿಯಾಗಿದ್ದ ಸೊನ್ನೆಯೂ ನನ್ನ ಕಣ್ಣಿಗೆ ಬಿದ್ದವು. ಆದರೂ ಬಾಯಿ ಬಿಡಲಿಲ್ಲ. ಆ ನಾಚಿಕೆ ಇಂದಿಗೂ ಹೋಗಿಲ್ಲ. ಮಾಸ್ತರರಿಗೂ ಅವು ಕಂಡಿರಬೇಕು. ಬೋರ್ಡನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಹೌದ್ರಿ ಸಾಬ್, ಗಲತಿ ನಂದೇ ಅದ. ವಯಸ್ಸಾತು," ಎಂದರು.

ನಾನು ಕಾಯಂ ಆದೆ. ಅವರನ್ನು ಲೆಕ್ಕದಿಂದ ಬಿಡಿಸಿ, ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲೆಂದು ಚಿಂಚೋಳಿಗೆ ವರ್ಗ ಮಾಡಿದರು. ಅವರು ಹೊರಟ ದಿನ ಬಸ್ಸಿನ ಹತ್ತಿರ ಕಾಲು ಮುಟ್ಟಲು ಬಗ್ಗಿದೆ. ಅವರು ಭುಜ ಹಿಡಿದು ಎತ್ತಿದರು. "ಏಳು ಬೇಟಾ. ಐದು ಅಷ್ಟು ನೆಟ್ಟಗ ಬರಿ," ಎಂದರು.

ಅಂದಿನಿಂದ ಐದು ಬರೆಯುವಾಗ ನಿಂತು, ನಿಧಾನಿಸಿ, ಎರಡು ಸಲ ತಿದ್ದುತ್ತೇನೆ. ಮೊನ್ನೆ ಬಂದ ಹೊಸ ಹೆಡ್‌ಮಾಸ್ತರರು ಬೋರ್ಡು ನೋಡಿ, "ಏನ್ ಚಂದ ಅಂಕಿ ಬರೀತೀರ್ರಿ! ಯಾರು ಕಲಿಸ್ಯಾರ್ರಿ ನಿಮಗ?" ಎಂದು ಕೇಳಿದರು.

ಈ ಸಲ ಚಿಂಚೋಳಿಯ ಕಡೆ ಕೈ ಮೇಲೇಳಲಿಲ್ಲ. "ರೂಢಿ ರೀ," ಎಂದೆ.