ಎಡಕ್ಕೆ ತಿರುಗಬೇಕು, ಆದರೆ ಎಲ್ಲಿಂದ?

ಕೆಲಸ ಸರಿಹೋದರೆ ಏನು ಮಾಡಬೇಕೆಂದು ಬರೆದ ಕಾಗದವನ್ನು ನಾನು ಮನಸ್ಸಿಟ್ಟು ಓದುತ್ತೇನೆ. ಕೆಟ್ಟರೆ ಏನು ಮಾಡಬೇಕೆಂದು ಬರೆದದ್ದನ್ನು ಮಡಚಿ ಜೇಬಿನಲ್ಲಿಡುತ್ತೇನೆ. ಮನೆಯಲ್ಲಿ ಕುಳಿತವನಿಗೆ ಈ ಸ್ವಭಾವ ನಡೆದೀತು. ನಾನು ಡಕೋಟಾ ವಿಮಾನದ ಹೊಸ ಸಹಪೈಲಟ್ ಆಗಿದ್ದೆ. ನಮ್ಮೂರು ಬೆಟಗೇರಿಯಲ್ಲಿ ಜನ ನನ್ನನ್ನು ವಿಮಾನದ ಡ್ರೈವರ್ ಎನ್ನುತ್ತಿದ್ದರು. ನಾನು ತಿದ್ದುತ್ತಿರಲಿಲ್ಲ, ಏಕೆಂದರೆ ಡ್ರೈವರ್ ನನಗಿಂತ ಒಂದು ಮೆಟ್ಟಿಲು ಮೇಲೆ.

ಮೋಡದಲ್ಲಿ ನೆಲ ಕಾಣದಾಗ ಯಂತ್ರಗಳ ಮುಳ್ಳುಗಳನ್ನೇ ನಂಬಿ ಇಳಿಯುತ್ತ ಬರಬೇಕು. ಗೊತ್ತುಪಡಿಸಿದ ಎತ್ತರಕ್ಕೆ ಬಂದರೂ ರನ್‌ವೇ ಕಾಣದಿದ್ದರೆ ಇಳಿಯುವ ಆಸೆ ಬಿಟ್ಟು ಮತ್ತೆ ಮೇಲೇರಬೇಕು. ಹೇಗೆ ಏರಬೇಕೆಂಬುದಕ್ಕೆ ಒಂದೊಂದು ಏರೋಡ್ರೋಮಿಗೂ ಒಂದೊಂದು ಹಾಳೆ. ಘಟ್ಟದ ಅಂಚಿನ ಏರೋಡ್ರೋಮೊಂದರ ಹಾಳೆಯಲ್ಲಿ ಇದ್ದದ್ದು ಇಷ್ಟೇ: ರನ್‌ವೇ ಬಳಿಯ ರೇಡಿಯೋ ಕಂಬದ ಮೇಲೆ ಬಂದಾಗಲೂ ನೆಲ ಕಾಣದಿದ್ದರೆ ಮೇಲೇರಿ, ಎಡಕ್ಕೆ ತಿರುಗಿ.

ಕೆಲಸಕ್ಕೆ ಸೇರಿ ಏಳು ತಿಂಗಳಾದ ಮೇಲೆ, ಮೇ ತಿಂಗಳ ರಜೆಯಲ್ಲಿ ಇದನ್ನು ಮನೆಯಲ್ಲಿ ಬಾಯಿಪಾಠ ಮಾಡುತ್ತಿದ್ದೆ. ನನ್ನ ಹೆಂಡತಿ ಶಾಂತಾ ಹೆಣ್ಣುಮಕ್ಕಳ ಶಾಲೆಯ ಮಾಸ್ತರಿಣಿ, ಶಿರಹಟ್ಟಿಯವಳು. ಸಾಂಗಲಿ ಸಂಸ್ಥಾನ ಮುಗಿದು ಅವಳ ಊರೂ ನಮ್ಮ ಊರಿನಂತೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕನ್ನಡದವರೆಲ್ಲ ಒಂದಾಗುವ ಮಾತು ಇನ್ನೂ ಸಭೆಗಳಲ್ಲೇ ಇತ್ತು. ನಾವಿಬ್ಬರು ಮಾತ್ರ ಆಗಲೇ ಒಂದಾಗಿ ಜಗಳಾಡುತ್ತಿದ್ದೆವು. ಕಂಬ ಇನ್ನೂ ದೂರವಿರುವಾಗಲೇ ಮೇಲೇರುವ ಪ್ರಸಂಗ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದಳು. ಎಡಕ್ಕೆ ಎಂದು ಬರೆದಿದೆ, ಎಡಕ್ಕೇ ತಿರುಗುತ್ತೇನೆ ಎಂದೆ.

ಅವಳು ಅಂಗಳದ ನಡುವೆ ಬೀಸುಕಲ್ಲು ಇಟ್ಟು ಅದನ್ನೇ ಕಂಬ ಎಂದಳು. ನನ್ನ ಕಣ್ಣಿಗೆ ಟವೆಲ್ ಕಟ್ಟಿ ನಡೆಸಿದಳು. ಅರ್ಧ ದಾರಿಯಲ್ಲಿ ‘ಮ್ಯಾಲ ಏರ್ರಿ’ ಎಂದಳು. ಎಡಕ್ಕೆ ತಿರುಗಿ ಜೋರಾಗಿ ನಡೆದೆ. ಕೊಟ್ಟಿಗೆಯ ಗೋಡೆ ಹಣೆಗೆ ಬಡಿಯಿತು.

“ಮೊದಲ ಕಲ್ಲ ದಾಟ್ರಿ, ಆಮ್ಯಾಲ ಎಡಕ್ಕ ಹೊಳ್ರಿ,” ಎಂದಳು ಶಾಂತಾ. “ಎಲ್ಲಿಂದ ಅನ್ನೂದು ಹಾಳ್ಯಾಗ ಮೊದಲನೇ ಮಾತಿನಾಗ ಐತಿ. ನೀವು ಕಡೀ ಮಾತಷ್ಟ ಓದೀರಿ.”

ಹಾಳೆ ಬರೆದವರಿಗಿಂತ ನಿನಗೆ ಹೆಚ್ಚು ತಿಳಿಯುತ್ತದೆಯೇ ಎಂದು ಹಣೆ ಉಜ್ಜಿಕೊಂಡೆ.

ಜುಲೈನಲ್ಲಿ ಅದೇ ಏರೋಡ್ರೋಮಿಗೆ ಹೋದೆವು. ನಮ್ಮ ಕ್ಯಾಪ್ಟನ್ ಯುದ್ಧದಲ್ಲಿ ವಿಮಾನ ಹಾರಿಸಿ ಬಂದ ಪಂಜಾಬಿ. ಅವರೆದುರು ಕೆಮ್ಮಲೂ ನಾನು ಅನುಮತಿ ಬೇಡುತ್ತಿದ್ದೆ. ಇಳಿಯುತ್ತಿರುವಾಗ ಮಳೆ ಗಾಜಿಗೆ ಅಪ್ಪಳಿಸಿತು. ವಿಮಾನ ಒಮ್ಮೆಲೇ ಕುಸಿಯಿತು. ಸಾಕು, ಮೇಲೇರೋಣ ಎಂದು ಕ್ಯಾಪ್ಟನ್ ಎಂಜಿನ್‌ಗಳಿಗೆ ಪೂರ್ತಿ ಬಲ ಕೊಟ್ಟು, ಹಾಳೆ ಓದು ಎಂದರು. ಮೇಲೇರಿ, ಎಡಕ್ಕೆ ತಿರುಗಿ ಎಂದು ಓದಿದೆ. ಅವರು ಚುಕ್ಕಾಣಿಯನ್ನು ಎಡಕ್ಕೆ ವಾಲಿಸತೊಡಗಿದರು.

ಆಗ ನನ್ನ ಕಣ್ಣು ಕಂಬದ ದಿಕ್ಕು ತೋರಿಸುವ ಮುಳ್ಳಿನ ಮೇಲೆ ಬಿತ್ತು. ಅದು ಇನ್ನೂ ನೇರ ಮುಂದಕ್ಕೇ ನಿಂತಿತ್ತು. ಕಂಬ ದಾಟಿರಲಿಲ್ಲ. ಕಂಬಕ್ಕಿಂತ ಈಚೆ ಎಡಗಡೆ ಗುಡ್ಡವಿತ್ತು. ನಾನು ತಪ್ಪಿದರೆ ನೌಕರಿ ಹೋಗುತ್ತದೆ, ಸುಮ್ಮನಿದ್ದರೆ ಹಿಂದೆ ಕುಳಿತ ಹದಿನೇಳು ಜನರ ಜೀವ. ಇಂಗ್ಲಿಷಿನಲ್ಲಿ ಹೇಳಬೇಕೆಂದು ಹೊರಟದ್ದು ಕನ್ನಡದಲ್ಲಿ ಬಂತು.

“ತಡೀರಿ, ಇನ್ನೂ ದಾಟಿಲ್ಲ.”

ಅವರಿಗೆ ಮಾತು ತಿಳಿಯಲಿಲ್ಲ; ನನ್ನೆದುರಿನ ಜೋಡಿ ಚುಕ್ಕಾಣಿಯನ್ನು ಗಟ್ಟಿಯಾಗಿ ಹಿಡಿದ ನನ್ನ ಕೈ ತಿಳಿಯಿತು. ನನ್ನನ್ನೊಮ್ಮೆ ನೋಡಿ, ಮುಳ್ಳನ್ನು ನೋಡಿ, ವಿಮಾನವನ್ನು ನೇರ ಮಾಡಿದರು. ಏರುತ್ತಲೇ ಹೋದೆವು. ಮುಳ್ಳು ನಡುಗಿತು, ತೂಗಾಡಿತು, ಕೊನೆಗೆ ಗಿರಕಿ ಹೊಡೆದು ಹಿಂದಕ್ಕೆ ತಿರುಗಿತು. ಈಗ ಎಂದೆ. ಎಡಕ್ಕೆ ವಾಲಿದಾಗ ಮೋಡ ಒಂದು ಕ್ಷಣ ಹರಿದು, ನಾವು ಬಿಟ್ಟುಬಂದ ಕಡೆ ಗುಡ್ಡದ ಕಪ್ಪು ಬಂಡೆ ಕಾಣಿಸಿತು. ಅದರ ಮೇಲೆ ನೀರು ಹರಿಯುವುದೂ ಕಾಣಿಸಿತು. ಎರಡನೆಯ ಸಲ ರನ್‌ವೇ ಸಿಕ್ಕಿತು. ಇಳಿದು ಹೋಗುವಾಗ ಪ್ರಯಾಣಿಕರೊಬ್ಬರು, ಕಿವಿ ಕಟ್ಟದಿರಲೆಂದು ಹಂಚಿದ ಪೆಪ್ಪರಮಿಂಟು ಸಾಲಲಿಲ್ಲ ಎಂದು ದೂರಿದರು.

ಹಾಳೆಯನ್ನು ಹೀಗೆ ಓದಲು ಯಾರು ಕಲಿಸಿದರು ಎಂದು ಕ್ಯಾಪ್ಟನ್ ಕೇಳಿದರು. ಸ್ವಂತ ಅಭ್ಯಾಸ ಎಂದೆ. ಅವರು ಬೆನ್ನು ತಟ್ಟಿ, ಹೊಸಬರಿಗೆಲ್ಲ ಪಾಠ ಹೇಳಲು ನನ್ನನ್ನೇ ನೇಮಿಸಿದರು.

ಮುಂದಿನ ರಜೆಯಲ್ಲಿ ಸ್ವಂತ ಅಭ್ಯಾಸದ ಸಂಗತಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಶಾಂತಾಳಿಗೆ ಹೇಳಿದೆ. ಹೊಗಳುತ್ತಾಳೆಂದು ಕಾದೆ. ಅವಳ ಮುಖ ಬಿಳಿಚಿತು.

“ಅಲ್ರಿ, ಇದು ತಿಳಿಯೂಕಿಂತ ಮೊದಲ ಏಳು ತಿಂಗಳ ಹೆಂಗ ಹಾರಿಸಿದ್ರಿ?”

ಆ ಏಳು ತಿಂಗಳು ಮೋಡ ಇರಲಿಲ್ಲ ಎಂದೆ. ಅದುವರೆಗೆ ಅದನ್ನು ನನ್ನ ಜಾಣತನ ಎಂದುಕೊಂಡಿದ್ದೆ.