ಗೋದಲಿಯ ರಾಗಿ ಪೈರು

ಮದುವೆಯಾದ ಮೇಲಿನ ಮೊದಲ ಕ್ರಿಸ್ಮಸ್ಸಿಗೆ ಪ್ರಸಾದ ಘನಘೋರ ಶಪಥವೊಂದನ್ನು ಮಾಡಿದ. ಬಾಲಯೇಸುವನ್ನು ಮಲಗಿಸುವ ಗೋದಲಿಗೆಂದು ಪ್ಲಾಸ್ಟಿಕ್ ಹುಲ್ಲು ಈ ಮನೆಯ ಹೊಸ್ತಿಲು ದಾಟಕೂಡದು! ತಾತನ ಕಾಲದಿಂದ ಬಂದಂತೆ ತಟ್ಟೆಯ ಮಣ್ಣಲ್ಲಿ ರಾಗಿ ಬಿತ್ತಿ, ಹಸಿರು ಪೈರು ಬೆಳೆಸಿಯೇ ಗೋದಲಿ ಕಟ್ಟಬೇಕು. ಅವನೇನು ಸಾಮಾನ್ಯನೇ? ಶ್ರೀರಂಗಪಟ್ಟಣದ ಬೀಜ-ಗೊಬ್ಬರದ ಅಂಗಡಿಯಲ್ಲಿ ಬಿಲ್ಲು ಬರೆಯುವವನು. ಅರ್ಧ ತಾಲ್ಲೂಕಿನ ಬೆಳೆ ಅವನ ಪೆನ್ನಿನ ತುದಿಯಿಂದಲೇ ಮೊಳೆಯುತ್ತಿತ್ತು.

"ಮೊಳೀಲಿಲ್ಲ ಅಂದ್ರೆ?" ಎಂದಳು ಹೆಂಡತಿ ಕೀರ್ತನ.

"ನಿಮ್ಮನೆ ಪದ್ಧತಿನೇ ನಡೀಲಿ ಬುಡು."

ಕೆ.ಆರ್. ಪೇಟೆಯ ಅವಳ ತವರಿನ ಪದ್ಧತಿಯೆಂದರೆ, ಹಬ್ಬದ ದಿನ ಚರ್ಚಿನಿಂದ ಬಂದ ಹೆಂಗಸರು ಕಾಲು ಚಾಚಿ ಕೂರುವುದು, ಗಂಡಸರು ಅಡುಗೆ ಮಾಡುವುದು. ಅಡುಗೆಮನೆಯಲ್ಲಿ ಪ್ರಸಾದನಿಗೆ ಗೊತ್ತಿದ್ದದ್ದು ನೀರಿನ ಬಿಂದಿಗೆ ಎಲ್ಲಿದೆ ಎಂಬುದೊಂದೇ.

ಕೈಗೆ ಸಿಕ್ಕ ಡಬ್ಬಿಯಿಂದ ರಾಗಿ ತೆಗೆದು ಬಿತ್ತಿದ. ದಿನಾ ನೀರು ಚಿಮುಕಿಸಿದ. ಸಂಜೆಯ ಜಪಮಾಲೆ ಮುಗಿದರೂ ತಟ್ಟೆಯ ಮುಂದೆ ಮಂಡಿಯೂರಿಯೇ ಇದ್ದ. ವಾರ ಕಳೆದರೂ ತಟ್ಟೆ ಮಣ್ಣಿನ ಬಣ್ಣ ಬಿಡಲಿಲ್ಲ.

"ನಿಂಗೆ ನಂಬ್ಕೆ ಸಾಲ್ದು, ಅದಕ್ಕೇ ಇಂಗಾಯ್ತಾ ಅದೆ," ಎಂದು ಹೆಂಡತಿಯ ಮೇಲೆ ಹಾಕಿದ.

ಅವಳು ತಟ್ಟೆಯಲ್ಲಿ ಬೆರಳಾಡಿಸಿ, ಮೂಸಿ, ಒಳಗೆ ಹೋದಳು.

ಆಮೇಲಿನ ವಾರದಲ್ಲಿ ತಟ್ಟೆ ತುಂಬ ಹಸಿರೋ ಹಸಿರು! ಹಬ್ಬದ ಹಿಂದಿನ ಸಂಜೆ ಅತ್ತೆ ಪ್ರಮೀಳಾ ಬಂದಾಗ, ಮನೆಯ ಪ್ರಾರ್ಥನೆಯಲ್ಲಿ ಪ್ರಸಾದ ಎದ್ದು ನಿಂತು ಸಾಕ್ಷಿಯನ್ನೇ ನುಡಿದ. "ಮನೆ ಯಜಮಾನಂಗೆ ವಿಶ್ವಾಸ ಇದ್ರೆ ಕಲ್ಲೂ ಚಿಗುರ್ತದೆ ಅತ್ತೆ."

ಅತ್ತೆ ಮೆಚ್ಚಿ ತಲೆದೂಗಿದರು. ಆಮೇಲೆ ಒಳಗೆ ಹೋಗಿ ಡಬ್ಬಿ ಅಲ್ಲಾಡಿಸಿದರು. "ಲೇ ಕೀರ್ತನ, ಮಾಲ್ಟಿಗೆ ಅಂತ ಉರಿದು ಕಳಿಸಿದ್ದ ರಾಗಿ ಎಲ್ಲವ್ವ?"

ಪ್ರಸಾದ ತಟ್ಟೆಯತ್ತ ತಿರುಗಿದ. ಅರ್ಧ ತಾಲ್ಲೂಕಿಗೆ ಬೀಜದ ಬಿಲ್ಲು ಬರೆದವನು ಹುರಿದ ರಾಗಿ ಬಿತ್ತಿ ಮಂಡಿಯೂರಿದ್ದ!

"ಅಂಗಾರೆ ಈ ಪೈರು?"

"ನೀವು ಅಂಗಡಿಗೋದ್ಮೇಲೆ ಅದ್ನೆಲ್ಲಾ ಚೆಲ್ಲಿ, ಪಕ್ಕದ್ಮನೆ ಮಾರಮ್ಮನತ್ರ ಬಿತ್ತನೆ ರಾಗಿ ಇಸ್ಕಂಬಂದು ಹಾಕ್ದೆ. ನಿಮ್ಮ ತಾತನ ಪದ್ಧತಿ ನಾನು ಬಂದ ವರ್ಸವೇ ನಿಂತೋಗೋದು ಬ್ಯಾಡ ಅಂತ."

"ನಂಗೊಂದ್ಮಾತು ಯೋಳ್ಬಾರ್ದಿತ್ತಾ?"

"ಅಷ್ಟು ಭಕ್ತಿಲಿ ಮಂಡಿ ಊರಿದ್ರಿ. ಎಬ್ಸಕೆ ಮನಸ್ಸು ಬರ್ನಿಲ್ಲ."

ಮರುದಿನ ಹಸಿರು ಪೈರಿನ ನಡುವೆ ಬಾಲಯೇಸು ನೆಮ್ಮದಿಯಾಗಿ ಮಲಗಿದ್ದ. ಪಡಸಾಲೆಯಲ್ಲಿ ತಾಯಿ-ಮಗಳು ಕಾಲು ಚಾಚಿ ಕೂತಿದ್ದರು. ಅಡುಗೆಮನೆಯಿಂದ ಬೆವರಿದ ದನಿಯೊಂದು ಬಂತು.

"ಕೀರ್ತನ, ಸಾರಿಗೆ ಉಪ್ಪು ಎಷ್ಟು?"

"ನಂಬ್ಕೆ ಇಟ್ಟು ಹಾಕಿ," ಎಂದಳು ಅವಳು ಕೂತಲ್ಲಿಂದಲೇ. "ನೀವು ಅತ್ಲಾಗೆ ಹೋದ್ಮೇಲೆ ನಾನು ಸರಿ ಮಾಡ್ತೀನಿ."